ಮನೆ ಮಾತು: ಕಡಲಂಚಿನ ಎತ್ತರದ ಮನೆಗಳು

ಪ್ರವಾಸಿಗರು ತುಂಬುವ ಕಡಲತೀರದ ನಗರಗಳಲ್ಲಿ ವಸತಿ ಗೋಪುರ ಕಟ್ಟುವ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೊಸದಾಗಿ ಮನೆ ಕೊಳ್ಳುವವರಿಗಿಂತ ಈಗಾಗಲೇ ಅಂಥ ಮನೆಗಳಲ್ಲಿ ಇರುವವರದ್ದೇ ಜಾಸ್ತಿ. ನನಗೆ ಅದು ಖುಷಿ ಕೊಟ್ಟಿತು. ಕಟ್ಟಡಗಳ ನಕ್ಷೆ ಬರೆಯುವ ಈ ಕೆಲಸಕ್ಕೆ ನಾನು ಬಂದು 32 ವರ್ಷವಾಯಿತು. ಕಡಲ ಪಕ್ಕದ ಕಟ್ಟಡದ ನಕ್ಷೆ ಸರಿಯಿತ್ತೋ ಇಲ್ಲವೋ ಅಂತ ಗೊತ್ತಾಗಲು ಅದು ಹತ್ತು ಹದಿನೈದು ವರ್ಷ ಉಪ್ಪುಗಾಳಿ ತಿನ್ನಬೇಕು. ಹಾಗಾಗಿ ಅಲ್ಲಿ ಬಾಳಿದವರ ಪ್ರಶ್ನೆಗಳಿಗೆ ನನ್ನಲ್ಲಿ ಬೆಲೆ ಹೆಚ್ಚು.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಕೊನೆಯ ವರ್ಷದ ವಿದ್ಯಾರ್ಥಿನಿ. ಬೀಚ್ ಎದುರಿಗೆ 40 ಮಹಡಿಯ ವಸತಿ ಕಟ್ಟಡ ನನ್ನ ಪ್ರಾಜೆಕ್ಟ್. ಪ್ರತಿ ಮನೆಗೂ ಕಡಲು ಪೂರ್ತಿ ಕಾಣಲಿ ಅಂತ ತೀರಕ್ಕೆ ಮುಖ ಮಾಡಿದ ಉದ್ದನೆಯ ಕಟ್ಟಡ ಬರೆದಿದ್ದೇನೆ. ನಮ್ಮ ಮೇಷ್ಟ್ರು ಒಪ್ಪುತ್ತಿಲ್ಲ. ಎಲ್ಲಿ ತಪ್ಪಿದ್ದೇನೆ?
— ವಿದ್ಯಾರ್ಥಿನಿ

ಉತ್ತರ: ತಂಗಿ, ನಾನೂ ನಿಮ್ಮ ಮೇಷ್ಟ್ರ ಕಡೆಗೇ ಇದ್ದೇನೆ. ನೀವು ಬರೆದಿರುವುದು ಗೋಡೆ. ಅದರ ಹಿಂದೆ ಇರುವ ಅಷ್ಟೂ ಮನೆಗಳಿಗೆ ಕಡಲು ಮುಚ್ಚಿಹೋಗುತ್ತದೆ, ತಂಪು ಗಾಳಿಯೂ ನಿಲ್ಲುತ್ತದೆ. ಬಿರುಗಾಳಿ ಬಂದಾಗ ಆ ಅಗಲದ ಮುಖ ಪೂರ್ತಿ ಹೊಡೆತ ತಿನ್ನುತ್ತದೆ.

ಸ್ಪೇನಿನ ಬೆನಿಡಾರ್ಮ್ ನಗರದ ನಕ್ಷೆಯನ್ನು ಒಮ್ಮೆ ಹರಡಿಕೊಂಡು ನೋಡಿ. ಮೀನುಗಾರರ ಊರಾಗಿದ್ದ ಅಲ್ಲಿ 1956ರಲ್ಲಿ ನಗರ ಯೋಜನೆ ಮಾಡಿದರು. 1963ರಲ್ಲಿ ಎತ್ತರದ ಮಿತಿಯನ್ನೇ ತೆಗೆದರು. ನೆಲ ಕಡಿಮೆ ಬಳಸಿ, ಎತ್ತರಕ್ಕೆ ಹೋಗಿ, ಸುತ್ತ ಜಾಗ ಬಿಡಿ ಅನ್ನೋದು ಅಲ್ಲಿನ ದಾರಿ. ಹಾಗಾಗಿ ಸಣಕಲು ಗೋಪುರಗಳ ನಡುವೆ ಸಂದುಗಳಿವೆ. ಹಿಂದಿನ ಸಾಲಿನವರಿಗೂ ಆ ಸಂದಿನಲ್ಲಿ ಕಡಲು ಸಿಗುತ್ತದೆ, ಗಾಳಿಯೂ ಸಿಗುತ್ತದೆ. ನೋಡಲು ಚೆನ್ನಾಗಿಲ್ಲ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಆ ಊರಿನ ಮೇಲೆ ಗೌರವವಿದೆ.

ಇನ್ನು ನೆರಳು. ಇದನ್ನು ನಿಮ್ಮ ಹಾಳೆಗಳಲ್ಲಿ ನೀವು ಎಲ್ಲೂ ತೋರಿಸಿಲ್ಲ. ಬೆನಿಡಾರ್ಮ್‌ನ ಬೀಚ್ ದಕ್ಷಿಣಕ್ಕೆ ಮುಖ ಮಾಡಿದೆ. ಅದು ಉತ್ತರ ಗೋಳಾರ್ಧದ ಊರು, ಮಧ್ಯಾಹ್ನದ ನೆರಳು ಉತ್ತರಕ್ಕೆ, ಅಂದರೆ ಊರಿನ ಕಡೆಗೆ ಬೀಳುತ್ತದೆ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಬೀಚ್ ಪೂರ್ವಕ್ಕಿದೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಸೂರ್ಯ ಗೋಪುರಗಳ ಹಿಂದೆ ಇಳಿಯುತ್ತಾನೆ, ನೆರಳು ಮರಳಿನ ಮೇಲೇ ಚಾಚುತ್ತದೆ. ಒಂದೇ ಕಟ್ಟಡ ಒಂದು ತೀರದಲ್ಲಿ ಸಾಧು, ಇನ್ನೊಂದು ತೀರದಲ್ಲಿ ಎಲ್ಲರ ಬಿಸಿಲನ್ನೂ ಕಸಿಯುತ್ತದೆ. ನಿಮ್ಮ ಕಟ್ಟಡ ಸುಮಾರು 130 ಮೀಟರ್ ಆಗುತ್ತದೆ ಅಲ್ವಾ? ಸೂರ್ಯ ದಿಗಂತದಿಂದ 20 ಡಿಗ್ರಿ ಮೇಲಿದ್ದಾಗ ಅದರ ನೆರಳು 350 ಮೀಟರ್ ದಾಟುತ್ತದೆ. ರಟ್ಟಿನ ಮಾದರಿ ಮಾಡಿ, ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದು ಗಂಟೆ ಗಂಟೆಗೂ ನೆರಳು ಎಲ್ಲಿರುತ್ತದೆ ಅಂತ ಗೆರೆ ಎಳೆಯಿರಿ. ಕಂಪ್ಯೂಟರಿನಲ್ಲೂ ಮಾಡಬಹುದು, ಆದರೆ ಕೈಯಲ್ಲಿ ಮಾಡಿದ್ದು ಮರೆಯುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಬಾಲ್ಕನಿಯ ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.1–1.2 ಮೀಟರ್ ಎತ್ತರದಲ್ಲಿರುತ್ತದೆ. ಸುರಕ್ಷತೆಗೆ ಹಾಕುವ ತಡೆಯೂ ಸರಿಸುಮಾರು ಅಷ್ಟೇ ಎತ್ತರ. ಅದನ್ನು ಗಟ್ಟಿ ಗೋಡೆ ಮಾಡಿದರೆ ಕೂತವರಿಗೆ ಬರೀ ಆಕಾಶ. ಮೇಲಿನ ಮಹಡಿಗೆ ಹೋದಷ್ಟೂ ಅಲೆ, ಮರಳು, ದೋಣಿ ಎಲ್ಲ ಕಾಲ ಕೆಳಗೆ ಇಳಿದಿರುತ್ತವೆ. ಕಡಲು ಕಾಣಬೇಕು ಅಂತ ಬರೆದ ಎಷ್ಟೋ ಮನೆಗಳಲ್ಲಿ ಕಡಲು ನೋಡಲು ಎದ್ದು ನಿಲ್ಲಬೇಕು.

ಪ್ರಶ್ನೆ: 21ನೇ ಮಹಡಿಯಲ್ಲಿದ್ದೇವೆ. ಗಾಳಿ ಜೋರಾದ ರಾತ್ರಿ ಬಕೆಟ್ಟಿನ ನೀರು ಅಲುಗುತ್ತದೆ, ತೂಗುದೀಪ ತೂಗುತ್ತದೆ. ಬಾಲ್ಕನಿ ಕಡೆಯಿಂದ ಶಿಳ್ಳೆ ಹೊಡೆದ ಹಾಗೆ ಸದ್ದು. ನನ್ನ ಹೆಂಡತಿ ನಿದ್ದೆ ಮಾಡುವುದಿಲ್ಲ. ಕಟ್ಟಡ ಗಟ್ಟಿ ಇದೆಯೇ?
— ನಿವೃತ್ತ ಶಿಕ್ಷಕರು

ಉತ್ತರ: ಮೇಷ್ಟ್ರೇ, ಅಮ್ಮನವರಿಗೆ ಮೊದಲು ಇದನ್ನು ಓದಿ ಹೇಳಿ. ಎತ್ತರದ ಕಟ್ಟಡ ಅಲುಗುವುದು ದೋಷವಲ್ಲ. ಎಷ್ಟು ಅಲುಗಬಹುದು ಅಂತ ಲೆಕ್ಕ ಹಾಕಿಯೇ ಕಟ್ಟುತ್ತಾರೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ತೆರೆದ ಕಡಲಿನ ಮೇಲೆ ಗಾಳಿಗೆ ಅಡ್ಡಿಯಿಲ್ಲ. ಮರ, ಮನೆ, ಗುಡ್ಡ ಯಾವುದೂ ಅದರ ವೇಗ ಮುರಿಯುವುದಿಲ್ಲ. ಹಾಗಾಗಿ ತೀರದ ಮೊದಲ ಸಾಲಿಗೆ ಪೂರ್ತಿ ಹೊಡೆತ. ಇಷ್ಟು ಎಲ್ಲರಿಗೂ ಊಹೆಗೆ ಸಿಗುತ್ತದೆ. ಊಹೆಗೆ ಸಿಗದ್ದು ಇನ್ನೊಂದಿದೆ. ಗಾಳಿ ಕಟ್ಟಡದ ಎರಡು ಬದಿಯಿಂದ ಹಾದುಹೋಗುವಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿ ಬಿಡುತ್ತದೆ. ಆ ಸುಳಿಗಳ ತಾಳ ಕಟ್ಟಡದ ತಾಳಕ್ಕೆ ಹೊಂದಿಬಿಟ್ಟರೆ, ಗಾಳಿ ಎದುರಿಂದ ಬಂದರೂ ಕಟ್ಟಡ ಅಡ್ಡಡ್ಡ ತೂಗುತ್ತದೆ. ಇದನ್ನು ತಪ್ಪಿಸಲೆಂದೇ ಮೂಲೆಗಳನ್ನು ಕತ್ತರಿಸುವುದು, ಮೇಲೆ ಹೋದಂತೆ ಆಕಾರ ಬದಲಿಸುವುದು.

ಮೊದಲ ಬಾರಿ ಗಾಳಿ ಸುರಂಗದ ಪ್ರಯೋಗ ನೋಡಿದ ದಿನ ನನಗೆ ಈಗಲೂ ನೆನಪಿದೆ. ನಮ್ಮ ಕಟ್ಟಡವನ್ನು 400ರಲ್ಲಿ ಒಂದು ಪಾಲಿನಷ್ಟು ಚಿಕ್ಕದು ಮಾಡಿ, ಸುತ್ತಲಿನ ಊರಿನ ಮಾದರಿಯ ಜೊತೆ ತಿರುಗುವ ಹಲಗೆಯ ಮೇಲೆ ಕೂರಿಸಿದ್ದರು. ಮೈತುಂಬ ಸೂಜಿ ಗಾತ್ರದ ತೂತು, ಪ್ರತಿ ತೂತಿಗೂ ಒಂದು ನಳಿಗೆ. 10 ಡಿಗ್ರಿ ತಿರುಗಿಸುವುದು, ಗಾಳಿ ಬಿಡುವುದು, ಅಳೆಯುವುದು. ಹೀಗೆ 36 ಸಲ. ನಾವು ಚೆಂದಕ್ಕೆ ಅಂತ ಮಾಡಿದ್ದ ಒಂದು ಚೂಪು ಮೂಲೆಯಲ್ಲಿ ಗಾಳಿ ಎಳೆಯುವ ಬಲ ಎಷ್ಟಿತ್ತೆಂದರೆ, ಅಲ್ಲಿನ ಗಾಜು ಉಳಿಯುತ್ತಿರಲಿಲ್ಲ. ಆ ಮೂಲೆಯನ್ನು ಅಂದೇ ಅಳಿಸಿದೆವು.

ಬಲದ ಲೆಕ್ಕ ಒಂದು, ನೆಮ್ಮದಿಯ ಲೆಕ್ಕ ಇನ್ನೊಂದು. ಆಫೀಸಿನಲ್ಲಿ ಕೆಲಸದಲ್ಲಿ ಮುಳುಗಿದವರಿಗೆ ತಿಳಿಯದ ಅಲುಗಾಟ, ಹಾಸಿಗೆಯಲ್ಲಿ ಮಲಗಿದವರಿಗೆ ತಿಳಿಯುತ್ತದೆ. ಅದಕ್ಕೇ ಮನೆಗಳಿಗೆ ಬಿಗಿಯಾದ ಮಿತಿ ಇಡುತ್ತೇವೆ. ಕೆಲವು ಕಡೆ ತುದಿಯಲ್ಲಿ ನೀರಿನ ತೊಟ್ಟಿ ಇಟ್ಟು ಅಲುಗಾಟ ಇಳಿಸುತ್ತಾರೆ. ಕಟ್ಟಡ ಆ ಕಡೆ ಹೋದಾಗ ನೀರು ಈ ಕಡೆ ಹೋಗಿ ತಡೆಯುತ್ತದೆ. ಕೆನಡಾದ ವ್ಯಾಂಕೂವರ್‌ನಲ್ಲಿ 2001ರಲ್ಲಿ ಮುಗಿದ ಒನ್ ವಾಲ್ ಸೆಂಟರ್‌ನಲ್ಲಿ ಇಂಥ ತೊಟ್ಟಿಗಳಿವೆ.

ನೀವು ಗಮನಿಸಬೇಕಾದ್ದು ಬೇರೆ. ಬಾಗಿಲು ಕಿಟಕಿ ಸಿಕ್ಕಿಹಾಕಿಕೊಳ್ಳುತ್ತಿವೆಯೇ, ಗೋಡೆಯಲ್ಲಿ ಓರೆಯಾಗಿ ಬಿರುಕು ಬಿಟ್ಟು ಅಗಲವಾಗುತ್ತಿದೆಯೇ? ಹಾಗಿದ್ದರೆ ತಡಮಾಡದೆ ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ. ಶಿಳ್ಳೆ ಬಹುತೇಕ ರೇಲಿಂಗಿನದ್ದು. ತೆಳು ಪಟ್ಟಿಗಳ ಅಥವಾ ತೂತಿನ ತಗಡಿನ ರೇಲಿಂಗ್ ಗಾಳಿಗೆ ಕೊಳಲಾಗುತ್ತದೆ. ಪೈಪಿನ ತೆರೆದ ಬಾಯಿಗೆ ಮುಚ್ಚಳ ಹಾಕಿ, ಪಟ್ಟಿ ಕೂಡುವಲ್ಲಿ ರಬ್ಬರ್ ಕೊಡಿಸಿ ನೋಡಿ. ಎಷ್ಟೋ ಮನೆಯವರಿಗೆ ಅಷ್ಟರಿಂದಲೇ ನಿದ್ದೆ ಬಂದಿದೆ.

ಪ್ರಶ್ನೆ: ಬೀಚ್‌ನಿಂದ 100 ಮೀಟರ್ ದೂರದ ಯೋಜನೆಯಲ್ಲಿ ಮನೆ ನೋಡಿದ್ದೇವೆ. ಪಾರ್ಕಿಂಗ್‌ಗೆ ಎರಡು ಬೇಸ್‌ಮೆಂಟ್. ಮರಳು ನೆಲದಲ್ಲಿ ಇದು ಸರಿಯೇ?
— ಮನೆ ಕೊಳ್ಳಲು ಹೊರಟ ದಂಪತಿ

ಉತ್ತರ: ಮಾಡಲು ಬರುತ್ತದೆ. ನನ್ನ ಕೈಯಲ್ಲಿದ್ದರೆ ಮಾಡುವುದಿಲ್ಲ. ಪಾರ್ಕಿಂಗನ್ನು ನೆಲದಿಂದ ಮೇಲೆ ಪೋಡಿಯಂನಲ್ಲಿ, ಅಂದರೆ ಗೋಪುರದ ಬುಡದ ಅಗಲವಾದ ಕೆಳ ಮಹಡಿಗಳಲ್ಲಿ, ಇಡುತ್ತೇನೆ.

ತೀರದಲ್ಲಿ ಒಂದೆರಡು ಮೀಟರ್ ಅಗೆದರೆ ನೀರು. ಆ ನೀರು ಬೇಸ್‌ಮೆಂಟನ್ನು ದೋಣಿಯ ಹಾಗೆ ಮೇಲಕ್ಕೆ ಎತ್ತುತ್ತದೆ. ನೀರಿನ ಮಟ್ಟದಿಂದ 4 ಮೀಟರ್ ಕೆಳಗೆ ಹೋದರೆ ಪ್ರತಿ ಚದರ ಮೀಟರಿಗೆ 4 ಟನ್ ಎತ್ತುವ ಬಲ. ಗೋಪುರದ ಅಡಿಯಲ್ಲಿ ಭಾರವಿದೆ, ಭಯವಿಲ್ಲ. ಗೋಪುರದ ಆಚೆ, ಮೇಲೆ ಬರೀ ಹುಲ್ಲುಹಾಸು ಅಥವಾ ಈಜುಕೊಳ ಇರುವ ಭಾಗ ಹಗುರ. ಅದನ್ನು ಕೆಳಕ್ಕೆ ಹಿಡಿದಿಡುವ ಪೈಲ್ (ನೆಲದಾಳಕ್ಕೆ ಇಳಿಸುವ ಕಂಬ) ಅಥವಾ ಆಂಕರ್ (ನೆಲಕ್ಕೆ ಬಿಗಿಯುವ ಉಕ್ಕಿನ ಕಂಬಿ) ಹಾಕಿದ್ದಾರೆಯೇ ಅಂತ ಕೇಳಿ. ಇನ್ನೊಂದು ಪ್ರಶ್ನೆ: ಟ್ರಾನ್ಸ್‌ಫಾರ್ಮರ್, ಜನರೇಟರ್, ಪಂಪು, ವಿದ್ಯುತ್ ಪ್ಯಾನೆಲ್ ಎಲ್ಲಿಟ್ಟಿದ್ದಾರೆ? 2012ರ ಸ್ಯಾಂಡಿ ಚಂಡಮಾರುತದಲ್ಲಿ ನ್ಯೂಯಾರ್ಕ್‌ನ ಎಷ್ಟೋ ಎತ್ತರದ ಕಟ್ಟಡಗಳ ನೆಲಮಾಳಿಗೆಗೆ ಸಮುದ್ರದ ನೀರು ನುಗ್ಗಿತು. ಕರೆಂಟು ಹೋಯಿತು, ಲಿಫ್ಟ್ ನಿಂತಿತು, ನೀರು ಮೇಲೇರಲಿಲ್ಲ. ಆ ಕಟ್ಟಡಗಳು ನಿಂತೇ ಇದ್ದವು, ಆದರೂ ಮೇಲಿನವರಿಗೆ ಅಲ್ಲಿ ಬಾಳಲಾಗಲಿಲ್ಲ.

ಅಡಿಪಾಯದ ವಿಷಯದಲ್ಲಿ ಮರಳಿಗೆ ಹೆದರಬೇಕಿಲ್ಲ. ಗೋಲ್ಡ್ ಕೋಸ್ಟ್‌ನ ಕ್ಯೂ1 ಗೋಪುರ 322.5 ಮೀಟರ್ ಎತ್ತರ, 2005ರಲ್ಲಿ ಮುಗಿಯಿತು. 2 ಮೀಟರ್ ದಪ್ಪದ 26 ಪೈಲ್‌ಗಳು ಸುಮಾರು 40 ಮೀಟರ್ ಇಳಿದು ಬಂಡೆಯನ್ನು ಹಿಡಿದಿವೆ. ಆದರೆ ನೆಲವನ್ನು ಒಮ್ಮೆ ಪರೀಕ್ಷಿಸಿ ಮರೆಯುವ ಹಾಗಿಲ್ಲ. ಮಯಾಮಿ ಭಾಗದ ತೀರದಲ್ಲಿ 35 ಕಟ್ಟಡಗಳು 2016ರಿಂದ 2023ರ ನಡುವೆ 2ರಿಂದ 8 ಸೆಂಟಿಮೀಟರ್ ಕುಸಿದದ್ದನ್ನು ಉಪಗ್ರಹದ ಅಳತೆಯಿಂದ ಕಂಡುಹಿಡಿದು 2024ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಹೊಸವೂ ಇದ್ದವು. ಸಮನಾಗಿ ಕುಸಿದರೆ ಅಷ್ಟು ಕಷ್ಟವಿಲ್ಲ, ಒಂದು ಬದಿ ಜಾಸ್ತಿ ಕುಸಿದರೆ ತೊಂದರೆ. ಮಟ್ಟ ಅಳೆಯುವ ಗುರುತುಗಳನ್ನು ಕಟ್ಟಡದಲ್ಲೇ ಕೂರಿಸಿ, ವರ್ಷಕ್ಕೊಮ್ಮೆ ಅಳೆದು ನಿವಾಸಿಗಳ ಸಂಘಕ್ಕೆ ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: 47 ಮಹಡಿ ಕಟ್ಟಿ ಲಿಫ್ಟ್ ಮರೆತರಂತೆ, ನಿಜವೇ?
— ಕುತೂಹಲಿ ಓದುಗ

ಉತ್ತರ: ಸುಳ್ಳು. ಅದು ಬೆನಿಡಾರ್ಮ್‌ನ ಇಂಟೆಂಪೋ ಕಟ್ಟಡ. 2013ರಲ್ಲಿ ಈ ಸುದ್ದಿ ಲೋಕವೆಲ್ಲ ಸುತ್ತಿತು. ಲಿಫ್ಟ್‌ಗಳು ನಕ್ಷೆಯಲ್ಲೇ ಇದ್ದವು. 2007ರಲ್ಲಿ ಕೆಲಸ ಶುರುವಾಗಿ, ಹಣದ ಬಿಕ್ಕಟ್ಟಿಗೆ ಸಿಕ್ಕಿ, ಕೊನೆಗೆ 2021ರಲ್ಲಿ ಮುಗಿಯಿತು. ಅಷ್ಟು ವರ್ಷ ಆ ಕಟ್ಟಡಕ್ಕೆ ದುಡಿದವರ ಬಗ್ಗೆ ಜನ ಸುಮ್ನೆ ನಕ್ಕರು. ನನಗೆ ಅದು ಈಗಲೂ ಬೇಸರದ ಸಂಗತಿ.

ಪ್ರಶ್ನೆ: ನಮ್ಮ ಕಟ್ಟಡಕ್ಕೆ ಇನ್ನೂ 7 ವರ್ಷ. ಸ್ಟೀಲ್ ರೇಲಿಂಗಿನಲ್ಲಿ ಕಂದು ಕಲೆ, ಬಾಲ್ಕನಿ ತಳದಲ್ಲಿ ಸಿಮೆಂಟ್ ಉದುರಿ ಕಂಬಿ ಕಾಣುತ್ತಿದೆ. ಗುತ್ತಿಗೆದಾರರು ಪ್ಲಾಸ್ಟರ್ ಮಾಡಿ ಬಣ್ಣ ಬಳಿದರೆ ಸಾಕು ಅನ್ನುತ್ತಾರೆ.
— ನಿವಾಸಿಗಳ ಸಂಘದ ಕಾರ್ಯದರ್ಶಿ

ಉತ್ತರ: ಬಣ್ಣ ಬಳಿಯಬೇಡಿ. ದಯವಿಟ್ಟು ಆ ಕೆಲಸವನ್ನು ಇವತ್ತೇ ನಿಲ್ಲಿಸಿ. ಬಣ್ಣ ರೋಗವನ್ನು ಮುಚ್ಚುತ್ತದೆ, ಅಷ್ಟೇ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕಟ್ಟಡಕ್ಕೆ ತೆಳ್ಳಗಿನ ಬಾಲ್ಕನಿ ಬರೆದಿದ್ದೆ. ಅಂಚು ಕಾಗದದ ಹಾಗೆ ಕಾಣಲಿ ಅನ್ನೋ ಆಸೆ. ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಅಂದರೆ ಕವರ್, ಬರೀ 20 ಮಿಲಿಮೀಟರ್ ಉಳಿಯಿತು. ಮೇಸ್ತ್ರಿ ಕೇಳಿದ್ದರು, "ಮೇಡಂ, ಉಪ್ಪುಗಾಳಿ, ಇದು ಸಾಕಾ?" ನಾನು ಸಾಕು ಅಂದೆ. ಆರು ವರ್ಷದ ಮೇಲೆ ಅಲ್ಲಿಗೆ ಹೋದಾಗ ಪ್ರತಿ ಬಾಲ್ಕನಿಯ ತಳದಲ್ಲೂ ಕಂಬಿಯ ಜಾಡಿನಲ್ಲೇ ಕಂದು ಗೆರೆ. ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ತುಂಡು ಕಳಚಿ ಕೆಳಗಿನ ಮನೆಯ ಮಗುವಿನ ಸೈಕಲ್ ಮೇಲೆ ಬಿದ್ದಿತ್ತು. ಮಗು ಅಲ್ಲಿರಲಿಲ್ಲ. ಆ ದಿನದಿಂದ ಕಡಲಿಗೆ ತೆರೆದ ಕಾಂಕ್ರೀಟಿಗೆ 50 ಮಿಲಿಮೀಟರ್ ಕವರ್‌ಗಿಂತ ಕಡಿಮೆ ನಾನು ಒಪ್ಪಿಲ್ಲ.

ಒಳಗೆ ಆಗುವುದು ಇಷ್ಟು. ಒಳ್ಳೆಯ ಕಾಂಕ್ರೀಟು ಕ್ಷಾರದ ಗುಣದ್ದು. ಅದು ಕಂಬಿಯ ಮೇಲೆ ಕಣ್ಣಿಗೆ ಕಾಣದ ಕಾಪಿನ ಪೊರೆ ಕಟ್ಟುತ್ತದೆ. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ಇಳಿದು ಆ ಪೊರೆಯನ್ನು ಒಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಕೇಳುತ್ತದೆ, ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಮಳೆ ತಾಗುವ ಜಾಗಕ್ಕಿಂತ ಮಳೆ ತಾಗದ ಜಾಗ ಬೇಗ ಕೆಡುತ್ತದೆ. ಬಾಲ್ಕನಿ ತಳ, ಚಜ್ಜಾದ ಅಡಿ, ರೇಲಿಂಗಿನ ಬೆನ್ನು. ಅಲ್ಲಿನ ಉಪ್ಪನ್ನು ತೊಳೆಯುವವರು ಯಾರೂ ಇಲ್ಲ.

ಹಾಗಾಗಿ ಉದುರುತ್ತಿರುವ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೂ ಒಡೆದು ತೆಗೆಸಿ. ಕಂಬಿ ಸವೆದಿದ್ದರೆ ಹೊಸದು ಸೇರಿಸಿ, ರಿಪೇರಿಗೆಂದೇ ಇರುವ ಮಾರ್ಟರ್ ತುಂಬಿಸಿ. ಅದಕ್ಕೂ ಮೊದಲು ಉಪ್ಪು ಎಷ್ಟು ಆಳ ಹೋಗಿದೆ ಅನ್ನುವ ಪರೀಕ್ಷೆ ಮಾಡಿಸಿ. ರೇಲಿಂಗ್ 304 ದರ್ಜೆಯ ಸ್ಟೇನ್‌ಲೆಸ್ ಆಗಿದ್ದರೆ ಕಡಲ ಪಕ್ಕ ಕಲೆ ಬಂದೇ ಬರುತ್ತದೆ. 316 ದರ್ಜೆಯದ್ದರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುತ್ತದೆ, ಉಪ್ಪನ್ನು ಜಾಸ್ತಿ ತಡೆಯುತ್ತದೆ. ಅದನ್ನೂ ಸಿಹಿನೀರಿನಲ್ಲಿ ತೊಳೆಯುತ್ತಿರಬೇಕು. ಅಲ್ಯೂಮಿನಿಯಂ ಚೌಕಟ್ಟಿಗೆ ಕಬ್ಬಿಣದ ಸ್ಕ್ರೂ ಹಾಕಿದ್ದಾರೆಯೇ ನೋಡಿ. ಉಪ್ಪುನೀರು ಬಿದ್ದರೆ ಎರಡು ಲೋಹ ಸೇರಿದ ಕಡೆ ಸವೆತ ಓಡುತ್ತದೆ. ಹೊಸ ಕಟ್ಟಡಗಳಲ್ಲಿ ನಾನು ನಕ್ಷೆಯಲ್ಲೇ ತೊಳೆಯುವ ದಾರಿ ಬರೆಯುತ್ತೇನೆ: ಪ್ರತಿ ಬಾಲ್ಕನಿಯಲ್ಲಿ ಒಂದು ನಲ್ಲಿ, ತಾರಸಿಯಲ್ಲಿ ಕೆಲಸಗಾರರು ನಿಲ್ಲುವ ತೊಟ್ಟಿಲು ಇಳಿಬಿಡಲು ಕೊಕ್ಕೆ.

ಕಾರ್ಯದರ್ಶಿಗಳೇ, ಸಭೆಯಲ್ಲಿ ಯಾರಾದರೂ ಖರ್ಚಿನ ಮಾತೆತ್ತಿ ಮುಂದೂಡೋಣ ಅಂದರೆ ಇದನ್ನು ಓದಿ ಹೇಳಿ. ಫ್ಲೋರಿಡಾದ ಸರ್ಫ್‌ಸೈಡ್‌ನಲ್ಲಿ ಕಡಲೆದುರು 1981ರಲ್ಲಿ ಕಟ್ಟಿದ 12 ಮಹಡಿಯ ಷಾಂಪ್ಲೇನ್ ಟವರ್ಸ್ ಸೌತ್ ಇತ್ತು. ಈಜುಕೊಳದ ಡೆಕ್, ಅಂದರೆ ಸುತ್ತಲಿನ ಕಾಂಕ್ರೀಟ್ ಅಂಗಳ, ಇಳಿಜಾರಿಲ್ಲದೆ ಸಪಾಟಾಗಿದೆ, ನೀರು ಹರಿದುಹೋಗದೆ ನಿಲ್ಲುತ್ತಿದೆ, ವಾಟರ್‌ಪ್ರೂಫಿಂಗ್ ಕೆಟ್ಟು ಕೆಳಗಿನ ಕಾಂಕ್ರೀಟು ಹಾಳಾಗುತ್ತಿದೆ ಅಂತ 2018ರಲ್ಲೇ ವರದಿ ಬಂದಿತ್ತು. ದೊಡ್ಡ ರಿಪೇರಿ ಶುರುವಾಗುವ ಮೊದಲೇ, 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಮೊದಲು ಡೆಕ್ ಕುಸಿಯಿತು. ಆಮೇಲೆ ಕಟ್ಟಡದ ದೊಡ್ಡ ಭಾಗ. ಮಲಗಿದ್ದವರಲ್ಲಿ 98 ಜನ ಸತ್ತರು. ಮೂಲ ವಿನ್ಯಾಸದಲ್ಲೂ ಕೊರತೆಗಳಿದ್ದವು. ಮರುವರ್ಷ ಫ್ಲೋರಿಡಾ, ಮೂರು ಅಥವಾ ಅದಕ್ಕಿಂತ ಹೆಚ್ಚು ಮಹಡಿಯ ಹಳೆಯ ವಸತಿ ಕಟ್ಟಡಗಳಿಗೆ ಕಡ್ಡಾಯ ತಪಾಸಣೆ ಮತ್ತು ರಿಪೇರಿ ನಿಧಿಯ ಕಾನೂನು ತಂದಿತು. ನಿಮ್ಮ ಈಜುಕೊಳದ ಸುತ್ತ ನೀರು ನಿಲ್ಲುತ್ತದೆಯೇ? ನಾಳೆ ಬೆಳಿಗ್ಗೆ ಎರಡು ಬಕೆಟ್ ನೀರು ಸುರಿದು ನೋಡಿ.

ಪ್ರಶ್ನೆ: ಇಡೀ ಮುಂಭಾಗ ಗಾಜು ಹಾಕಿಸುವ ಯೋಚನೆ. ಚಂಡಮಾರುತದ ಭಯವಿದೆ.
— ಕಟ್ಟಡ ಮಾಲೀಕರು

ಉತ್ತರ: ಒಂದು ಗಾಜು ಒಡೆದರೆ ಗಾಳಿ ಒಳನುಗ್ಗಿ ಒಳಗಿನಿಂದ ಗೋಡೆ, ಚಾವಣಿಯನ್ನು ಹೊರಕ್ಕೆ ತಳ್ಳುತ್ತದೆ. 1992ರ ಆಂಡ್ರ್ಯೂ ಚಂಡಮಾರುತದ ಪಾಠ ಅದು. ಆಮೇಲೆ ಮಯಾಮಿ ಭಾಗದಲ್ಲಿ ಗಾಜಿಗೆ ಕಠಿಣ ಪರೀಕ್ಷೆ ತಂದರು. ಸುಮಾರು 4 ಕಿಲೋ ತೂಕದ ಮರದ ತೊಲೆಯನ್ನು ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿ ಗಾಜಿಗೆ ಹೊಡೆಯುತ್ತಾರೆ. ಗಾಜು ಬಿರುಕು ಬಿಡಬಹುದು, ತೂತಾಗಬಾರದು. ಪದರದ ಗಾಜು, ಅಂದರೆ ಲ್ಯಾಮಿನೇಟೆಡ್, ಮಾತ್ರ ಇಲ್ಲಿ ನಿಲ್ಲುತ್ತದೆ. ಚೌಕಟ್ಟು, ಅದನ್ನು ಹಿಡಿದ ಬೋಲ್ಟು ಕೂಡ ಅದೇ ಪರೀಕ್ಷೆ ಗೆದ್ದಿರಬೇಕು. ಮತ್ತೆ, ನೆಲದಿಂದ ಸೂರಿನವರೆಗೆ ಗಾಜು ಯಾಕೆ? ಆಳವಾದ ಬಾಲ್ಕನಿಯ ಹಿಂದೆ ಇಟ್ಟ ಕಿಟಕಿ ತಂಪಾಗಿರುತ್ತದೆ, ಕಡಲೂ ಕಾಣುತ್ತದೆ.

ಪ್ರಶ್ನೆ: ಬೀಚ್ ಕಡೆಯ ದೀಪ ಆರಿಸಿ ಅಂತ ಸ್ವಯಂಸೇವಕರು ಕೇಳುತ್ತಿದ್ದಾರೆ. ಅಗತ್ಯವೇ?
— ಕಟ್ಟಡದ ಮ್ಯಾನೇಜರ್

ಉತ್ತರ: ಅಗತ್ಯ. ಮೊಟ್ಟೆಯೊಡೆದ ಆಮೆಮರಿ ಬೆಳಕಿರುವ ಕಡೆಗೆ ಹೋಗುತ್ತದೆ. ಕತ್ತಲ ತೀರದಲ್ಲಿ ಬೆಳಕಿರುವುದು ಕಡಲಿನ ಮೇಲೆ. ನಿಮ್ಮ ದೀಪ ಉರಿದರೆ ಮರಿ ರಸ್ತೆಯ ಕಡೆ ತೆವಳಿ ಸಾಯುತ್ತದೆ. ಕೆಳಗಿನ ದೀಪಗಳನ್ನು ತಗ್ಗಿಸಿ, ಮುಚ್ಚಳ ಹಾಕಿ, ಕಿತ್ತಳೆ ಬಣ್ಣದ ಬಲ್ಬು ಬಳಸಿ. ಮೇಲಿನ ಮನೆಗಳಿಗೆ ಮೊಟ್ಟೆಯಿಡುವ ಕಾಲದಲ್ಲಿ ಪರದೆ ಎಳೆಯಲು ಹೇಳಿ.

ಪ್ರಶ್ನೆ: 30 ಮಹಡಿಯ ಕಟ್ಟಡ. ಸೀಸನ್ನಿನಲ್ಲಿ ಲಿಫ್ಟಿಗೆ 15 ನಿಮಿಷ ಕಾಯಬೇಕು, ಕಾಲಿಟ್ಟಲ್ಲೆಲ್ಲ ಮರಳು. ಸೀಸನ್ ಮುಗಿದರೆ ನಮ್ಮ ಮಹಡಿಯಲ್ಲಿ ನನ್ನ ಮನೆ ಒಂದರಲ್ಲೇ ದೀಪ. ಪಕ್ಕದ ಮುಚ್ಚಿದ ಮನೆಗಳಿಂದ ಕೆಟ್ಟ ವಾಸನೆ ಬರುತ್ತದೆ. ಯಾರಿಗೆ ಹೇಳಲಿ?
— ವರ್ಷವಿಡೀ ಅಲ್ಲೇ ಇರುವ ಅಜ್ಜಿ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಥ ಕಟ್ಟಡಗಳ ನಕ್ಷೆ ಬರೆಯುವಾಗ ನಾವು ವಾರಕ್ಕೆ ಬಂದು ಹೋಗುವವರ ಮುಖ ನೆನೆಸಿಕೊಳ್ಳುತ್ತೇವೆ. ವರ್ಷವಿಡೀ ಇರುವ ನಿಮ್ಮಂಥವರನ್ನು ಮರೆತುಬಿಡುತ್ತೇವೆ.

ವಾಸನೆಯ ಕಾರಣ ಸರಳ. ಬಚ್ಚಲಿನ ಕೆಳಗಿನ ಪೈಪಿನ ಬಾಗಿನಲ್ಲಿ ಸ್ವಲ್ಪ ನೀರು ನಿಂತು ಚರಂಡಿಯ ಗಾಳಿಯನ್ನು ತಡೆಯುತ್ತದೆ. ಕೆಲವು ವಾರ ಯಾರೂ ನೀರು ಬಿಡದಿದ್ದರೆ ಅದು ಒಣಗುತ್ತದೆ. ಪ್ರತಿ ಮುಚ್ಚಿದ ಮನೆಯಲ್ಲೂ ವಾರಕ್ಕೊಮ್ಮೆ ಎಲ್ಲ ನಲ್ಲಿ ಬಿಟ್ಟು, ಬಚ್ಚಲಿಗೆ ಒಂದು ತಂಬಿಗೆ ನೀರು ಸುರಿಯಬೇಕು. ಮನೆ ಬಿಟ್ಟು ಹೋಗುವವರು ಮೇಲೊಂದು ಚಮಚ ಎಣ್ಣೆ ಹಾಕಿದರೆ ನೀರು ಬೇಗ ಆರುವುದಿಲ್ಲ. ನಲ್ಲಿ ಬಿಡುವುದಕ್ಕೆ ಇನ್ನೊಂದು ಕಾರಣವಿದೆ. ಪೈಪಿನಲ್ಲಿ ನಿಂತ ಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಷವರಿನ ಹನಿಯ ಜೊತೆ ಅದು ಉಸಿರಿಗೆ ಸೇರಿದರೆ ಶ್ವಾಸಕೋಶಕ್ಕೆ ಅಪಾಯ.

ಲಿಫ್ಟಿನ ಲೆಕ್ಕ ಎಲ್ಲ ಮನೆ ತುಂಬಿದ ದಿನಕ್ಕೆ, ಪೆಟ್ಟಿಗೆಗಳ ಜೊತೆ ಹತ್ತುವವರಿಗೆ ಹಾಕಬೇಕಿತ್ತು. ಈಗ ಹೊಸ ಲಿಫ್ಟ್ ಕಷ್ಟ. ಒಂದನ್ನು ವರ್ಷವಿಡೀ ಇರುವವರಿಗೆ ಮೀಸಲಿಡಿ ಅಂತ ಕೇಳಬಹುದು, ಅದು ಕಾರ್ಡಿನಿಂದಲೇ ಆಗುವ ಕೆಲಸ. ಮರಳಿಗೆ ಬೀಚ್ ಕಡೆಯ ಬಾಗಿಲಲ್ಲಿ ಕಾಲು ತೊಳೆಯುವ ನಲ್ಲಿ ಹಾಕಿಸಬೇಕು. ಅದರ ಚರಂಡಿಗೆ ಮರಳು ತಂಗುವ ಗುಂಡಿ ಇರಬೇಕು, ಇಲ್ಲದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ.

ನಿಮ್ಮ ಮಹಡಿಯಲ್ಲಿ ಯಾವ ಮನೆ ಯಾವಾಗಿನಿಂದ ಮುಚ್ಚಿದೆ ಅಂತ ಒಂದು ಹಾಳೆಯಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಸಂಘಕ್ಕೆ ಕೊಡುವ ಅರ್ಜಿಯನ್ನು ನಾನೇ ಬರೆದು ಕಳಿಸುತ್ತೇನೆ. ನೀವು ಸಹಿ ಹಾಕಿದರೆ ಸಾಕು.